ಒಂದೇ ಡಿಸ್ಕಿನ ಪೆಟ್ಟಿಗೆ

ಮದುವೆಯಲ್ಲಿ ಹೆಂಗಸರ ಕಡೆ ತೆಗೆದ ಫೋಟೋಗಳನ್ನು ಗಂಡಸರ ಸ್ಟುಡಿಯೋಕ್ಕೆ ಕೊಡಲು ಸವಣೂರಿನ ಎಷ್ಟೋ ಮನೆಗಳವರು ಒಪ್ಪುತ್ತಿರಲಿಲ್ಲ. ಅವು ತಹಮೀನಾಳ ಮನೆಗೆ ಬರುತ್ತಿದ್ದವು. ಹಳೆಯ ಲ್ಯಾಪ್‌ಟಾಪಿನಲ್ಲಿ ಆಲ್ಬಮ್ ಹೊಂದಿಸಿ ಕೊಡುತ್ತಿದ್ದಳು. ಅದು ಕೆಟ್ಟಾಗ ಅಣ್ಣ ಮುಸ್ತಾಕ ಹೊಸದಕ್ಕೆ ಅರ್ಧ ರೊಕ್ಕ ಹಾಕಲು ಒಪ್ಪಿದ. ಆದರೆ ಹಗಲೆಲ್ಲ ಅದು ಅವನ ಪೈಪಿನ ಅಂಗಡಿಯಲ್ಲಿರಬೇಕು, ರಾತ್ರಿ ಅವಳಿಗೆ ಎಂಬುದು ಅವನ ಕರಾರು.

ಇಬ್ಬರೂ ಶಿಗ್ಗಾವಿಗೆ ಹೋದರು. ಕಂಪ್ಯೂಟರ್ ಅಂಗಡಿಯ ಪ್ರಶಾಂತ ಊಟದ ಡಬ್ಬಿಯಷ್ಟಿದ್ದ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ಮುಂದಿಟ್ಟ.

“ಹೊತ್ತು ತಿರುಗಾಕ ಇದ ಚೊಲೋರಿ ಅಕ್ಕಾರ. ಆದ್ರ ರ‍್ಯಾಮ್ ಬೋರ್ಡಿಗೇ ಕೂಡೇತಿ, ಮುಂದ ಹೆಚ್ಚು ಮಾಡಾಕ ಬರೂದಿಲ್ಲ. ಫ್ಯಾನೂ ಸಣ್ಣದು, ಕಾಯ್ತೈತಿ.”

ನಿಧಾನವಾದರೆ ಕಾಯಬಹುದು, ಬಿಸಿಯಾದರೆ ನಡುವೆ ನಿಲ್ಲಿಸಬಹುದು. ಎಲ್ಲವನ್ನೂ ತೂಗಿ ನೋಡಿ ತಹಮೀನಾ, “ನನ್ನ ಫೋಟೋಕ್ಕ ಬ್ಯಾರೆ ಡಿಸ್ಕ್ ಹಾಕಿಕೊಡ್ರಿ,” ಎಂದಳು.

“ಇದರಾಗ ಎರಡನೇದಕ್ಕ ಜಾಗಾನ ಇಲ್ರಿ. ದೊಡ್ಡ ಪೆಟ್ಟಿಗಿ ತಗೋಬೇಕು, ಇಲ್ಲಾಂದ್ರ ಹೊರಗ ಹಚ್ಚೂ ಡಿಸ್ಕ್.”

“ಎರಡೂ ಬ್ಯಾಡ,” ಮುಸ್ತಾಕ ನಕ್ಕ. “ಮನಿಮಂದಿ ನಡುವ ಎಂಥಾ ಬೀಗ ನಿಂದು?”

ಆ ಪೆಟ್ಟಿಗೆಯನ್ನೇ ಕೊಂಡರು. ಅಂಗಡಿಯ ಬಿಲ್ ಮಾಡಬೇಕೆಂದು ಪಾಸ್‌ವರ್ಡನ್ನೂ ಮುಸ್ತಾಕನೇ ಇಟ್ಟ.

ಮಳೆಗಾಲ ಕಳೆದು ಮದುವೆಗಳು ಶುರುವಾದವು. ಒಂದು ಮಧ್ಯಾಹ್ನ ಅದೇ ಓಣಿಯ ಜನ್ನತಬಿ ಬಂದಳು. ಆಕೆಯ ಮಗಳು ಮಾಹೀರಾಳ ಆಲ್ಬಮ್ ಅರ್ಧ ಮುಗಿದಿತ್ತು.

“ಒಳಗ ಬರ್ರಿ ಖಾಲಾ.”

“ಬರಾಂಗಿಲ್ಲ. ನಿಮ್ಮಣ್ಣನ ಅಂಗಡ್ಯಾಗ ಗಂಡಸರು ಚಾ ಕುಡಕೋತ ನನ್ನ ಮಗಳ ಅರಿಷಿಣದ ಫೋಟೋ ನೋಡ್ಯಾರ. ಅವರಾಗ ಆಕಿ ಮೈದುನನೂ ಇದ್ದ. ಗಂಡನ ಮನ್ಯಾಗ ಆಕಿ ಏನೇನ ಮಾತು ಕೇಳಾಕತ್ತಾಳ, ಗೊತ್ತೈತೇನ?”

“ನಾ ತೋರಿಸಿಲ್ರಿ ಖಾಲಾ.”

“ನಾ ಕೊಟ್ಟಿದ್ದು ನಿನ್ನ ಕೈಯಾಗ.”

ಪೆನ್‌ಡ್ರೈವ್ ಇಸಿದುಕೊಂಡು ಹೋದಳು. ಹೊತ್ತು ಮುಳುಗುವುದರೊಳಗೆ ಉಳಿದ ಮನೆಗಳವರೂ ಬಂದು ತಮ್ಮ ತಮ್ಮವನ್ನು ಒಯ್ದರು. ಯಾರೂ ಜಗಳವಾಡಲಿಲ್ಲ, ಯಾರೂ ಕೂಡ್ರಲೂ ಇಲ್ಲ.

ಸಂಜೆ ಪೆಟ್ಟಿಗೆ ಹೊತ್ತು ಮನೆಗೆ ಬಂದ ಮುಸ್ತಾಕ, ತಹಮೀನಾ ಕೇಳಿದಾಗ ಮುಖ ಗಂಟಿಕ್ಕಿದ. “ಬಿಲ್ ಹುಡುಕೂ ಮುಂದ ಫೋಟೋ ಬಂದ್ವು. ಕುಂತ ಗೆಳ್ಯಾರು ಬಟನ್ ಒತ್ತಕೋತ ಮುಂದಿಂದು ನೋಡ್ಕೋತ ಹ್ವಾದ್ರು. ನಾ ಏನ ಕರದು ತೋರಿಸೇನೇನು?”

ಪೆಟ್ಟಿಗೆಯನ್ನು ಅವಳ ಮುಂದಿಟ್ಟು ಹೇಳಿದ: “ಹೆಂಗೂ ನಿನ್ನ ಕೆಲಸ ನಿಂತೈತಿ. ಇನ್ನ ಇದು ಅಂಗಡ್ಯಾಗ ಇರಲಿ. ಆ ಫೋಟೋ ಎಲ್ಲಾ ಅಳಿಸಿ ಕೊಡು, ಡಿಸ್ಕ್ ತುಂಬೇತಿ.”

ತಹಮೀನಾ ಕುಳಿತು ಒಂದೊಂದೇ ಮದುವೆಯನ್ನು ಅಳಿಸಿದಳು. ಪೆಟ್ಟಿಗೆಯ ವೈರು ಸುತ್ತಿಕೊಳ್ಳಲು ಮುಸ್ತಾಕ ಪಕ್ಕದಲ್ಲೇ ನಿಂತು ಕಾಯುತ್ತಿದ್ದ.