ನಾಲ್ಕು ಸಲ ನೀರು

"ನಿಲ್ಸಿ, ನಿಲ್ಸಿ. ಎರಡು ಸಾಲು ನುಂಗಿಬಿಟ್ರಲ್ಲಮ್ಮ!"

ಮೇಷ್ಟ್ರು ಹೀಗೆಂದಾಗ, ಎದ್ದು ನಿಂತು ಗಟ್ಟಿಯಾಗಿ ಓದುತ್ತಿದ್ದ ಪ್ರೂಫಮ್ಮ ತಲೆಯೆತ್ತಿದಳು. ಬೆಳಗಿನ ಏಳು ಗಂಟೆಯ ತರಗತಿ. ಕೆಲಸಕ್ಕೆ ಹೋಗುವ ಮುಂಚೆ ಒಂದಿಷ್ಟು ಓದಿ ಡಿಗ್ರಿ ಮುಗಿಸಿಕೊಳ್ಳೋಣವೆಂದು ಬರುವ ಹದಿನೈದು ಮಂದಿ ದೊಡ್ಡವರಲ್ಲಿ ನಲವತ್ತಾರರ ಇವಳೂ ಒಬ್ಬಳು. ಹತ್ತೊಂಬತ್ತು ವರ್ಷದಿಂದ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಾಳೆ; ಹೆಸರು ಅಂಟಿಕೊಂಡದ್ದೂ ಅಲ್ಲಿಯೇ. ಕಥೆ, ಪ್ರಬಂಧಗಳಲ್ಲಿ ವಸ್ತು ಅಂದರೆ ಏನು ಹೇಳಿದ್ದಾರೆ, ತಂತ್ರ ಅಂದರೆ ಹೇಗೆ ಹೇಳಿದ್ದಾರೆ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿಕೊಂಡಿದ್ದಳು. ತಲೆಗೆ ಇಳಿದಿತ್ತೇ ಅಂದರೆ, ಅದು ಬೇರೆ ಮಾತು.

ಮೇಷ್ಟ್ರು ಅವಳ ಪುಸ್ತಕ ಇಸಿದುಕೊಂಡು ನೋಡಿದರು. ಪುಟದಲ್ಲಿ ಎರಡು ಕಡೆ ಕೆಂಪು ಶಾಯಿಯ ಗೆರೆ.

"ಯಾರು ಹೊಡೆದದ್ದು ಇದನ್ನ?"

"ನಾನೇ ಸಾರ್. 'ಬಾಗಿಲು ತೆರೆದೇ ಇತ್ತು' ಅಂತ ಒಂದೇ ವಾಕ್ಯ ಮೂರು ಸಲ ಬಂದಿದೆ. ಅಚ್ಚಿನ ತಪ್ಪು. ಇಂಥವನ್ನ ದಿನಾ ನೋಡ್ತೀನಿ."

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಹೊಡೆದ ಸಾಲನ್ನೂ ಸೇರಿಸ್ಕೊಂಡು ಇನ್ನೊಂದ್ಸಲ ಓದಿ. ಆತುರ ಬೇಡ," ಎಂದು ಪುಸ್ತಕ ವಾಪಸು ಕೊಟ್ಟರು.

ಅವಳು ಓದಿದಳು. ಮೊದಲ ಸಲ, ಆಟಕ್ಕೆ ಓಡುವ ಹುಡುಗಿಯ ಹಿಂದೆ ಮನೆಯ ಬಾಗಿಲು ತೆರೆದೇ ಇತ್ತು. ಎರಡನೆಯ ಸಲ, ಅದೇ ಹುಡುಗಿ ದೊಡ್ಡವಳಾಗಿ ಅಪ್ಪನೊಂದಿಗೆ ಜಗಳವಾಡಿ ಹೊರಟಾಗ ತೆರೆದೇ ಇತ್ತು. ಮೂರನೆಯ ಸಲ, ಹನ್ನೊಂದು ವರ್ಷದ ಮೇಲೆ ಅವಳು ನಾಚಿಕೊಂಡು ತಿರುಗಿ ಬಂದಾಗ... ಪ್ರೂಫಮ್ಮ ತಾನು ಹೊಡೆದ ಸಾಲನ್ನು ಮತ್ತೆ ನೋಡಿದಳು. ಅಕ್ಷರ ಒಂದೂ ಬದಲಾಗಿಲ್ಲ, ಆದರೆ ಇದು ಆ ವಾಕ್ಯವೇ ಅಲ್ಲ! ಅಬ್ಬಾ, ಇಷ್ಟು ವರ್ಷ ಅಕ್ಷರಗಳ ನಡುವೆಯೇ ಬದುಕಿದವಳ ಕಣ್ಣಿಗೆ ಇದು ಬಿದ್ದೇ ಇರಲಿಲ್ಲವಲ್ಲ!

"ಇದೇ ನೋಡಿ ತಂತ್ರ ಅಂದ್ರೆ," ಎಂದರು ಮೇಷ್ಟ್ರು ಮೆಲ್ಲಗೆ.

ಮರುಕ್ಷಣವೇ ಅವಳಿಗೆ ನೆನಪಾಯಿತು. ನರ್ಸಮ್ಮನ ಪುಸ್ತಕ!

ನರ್ಸ್ ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯರು ಹಿಂದಿನ ವಾರ ತಮ್ಮ ಪ್ರಬಂಧಗಳ ಕಟ್ಟನ್ನು ಅಚ್ಚಿಗೆ ಕೊಟ್ಟಿದ್ದರು. "ನನ್ನ ಕಣ್ಣು ಮಂಜಾಗಿದೆ ಕಣಮ್ಮ. ಕರಡು ನೀನೇ ನೋಡ್ಬಿಡು, ನಿನ್ನನ್ನ ನಂಬಿದೀನಿ," ಎಂದಿದ್ದರು. ಕೊನೆಯ ಪ್ರಬಂಧದಲ್ಲಿ 'ನಾನು ನೀರು ಕೊಟ್ಟೆ' ಎಂಬ ವಾಕ್ಯ ನಾಲ್ಕು ಸಲ ಬಂದಿತ್ತು. ಪಾಪ, ವಯಸ್ಸಾಗಿದೆ, ಬರೆದದ್ದು ಮರೆತು ಮತ್ತೆ ಮತ್ತೆ ಬರೆದಿದ್ದಾರೆ ಅಂದುಕೊಂಡು ಇವಳು ಮೂರನ್ನು ಹೊಡೆದು ಹಾಕಿದ್ದಳು. ಆ ಹಾಳೆ ಇವತ್ತು ಎಂಟು ಗಂಟೆಗೆ ಮಷೀನಿಗೆ ಏರುತ್ತದೆ.

ಚೀಲ ಹೆಗಲಿಗೆ ಹಾಕಿಕೊಂಡವಳು ಹೇಳದೆ ಕೇಳದೆ ಎದ್ದಳು. ಎರಡು ಬೀದಿ ದಾಟುವಷ್ಟರಲ್ಲಿ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಅದನ್ನು ಕೈಯಲ್ಲೇ ಹಿಡಿದು ಪ್ರೆಸ್ಸಿನೊಳಗೆ ನುಗ್ಗಿದಾಗ ಮಷೀನಿನವನು ಪ್ಲೇಟು ಬಿಗಿದು ಶಾಯಿ ಹಚ್ಚುತ್ತಿದ್ದ.

"ಏನ್ ಪ್ರೂಫಮ್ಮ, ಚಪ್ಪಲಿ ಕೈಗೆ ಬಂದಿದೆ? ನಾನೇನಪ್ಪಾ ತಪ್ಪು ಮಾಡ್ದೆ?"

"ತಪ್ಪು ನಂದು. ಮಷೀನ್ ಹಾಕ್ಬೇಡ!"

ಗಲಾಟೆಗೆ ಯಜಮಾನರು ಹೊರಬಂದರು. ಅವಳು ಏದುಸಿರು ಬಿಡುತ್ತ ಎಲ್ಲ ಹೇಳಿದಳು. ಅವರು ನಂಬಲಿಲ್ಲ.

"ಹತ್ತೊಂಬತ್ತು ವರ್ಷದಲ್ಲಿ ನೀವು ಒಂದು ತಪ್ಪೂ ಬಿಟ್ಟಿಲ್ಲ ಕಣ್ರೀ."

"ಬಿಟ್ಟಿಲ್ಲ ಸಾರ್. ಈಗ ನಾನೇ ಮಾಡಿದೀನಿ."

"ಒಂದೇ ವಾಕ್ಯ ನಾಲ್ಕು ಸಲ ಹಾಕಿದ್ರೆ ಓದೋರು ನಮ್ಮನ್ನ ನೋಡಿ ನಗಲ್ವಾ? ಇದೇ ಚೆನ್ನಾಗಿದೆ, ಹೋಗ್ಲಿ ಬಿಡಿ."

ಆ ಅಮ್ಮನ ಮಂಜುಗಣ್ಣು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಅಚ್ಚಾದರೆ ಅವರಿಗೆ ಗೊತ್ತೂ ಆಗುವುದಿಲ್ಲ. ಯಾರಾದರೂ ಓದಿ ಹೇಳಿದ ದಿನ ಮಾತ್ರ ಗೊತ್ತಾಗುತ್ತದೆ. ಓಡಿಹೋಗಿ ತನ್ನ ಮೇಜಿನ ಡ್ರಾಯರಿನಿಂದ ಕೈಬರಹದ ಪ್ರತಿ ತಂದಳು.

"ಒಂದ್ಸಲ ಕೇಳಿ ಸಾರ್. ಆಮೇಲೆ ನೀವು ಹೇಳ್ದಂಗೇ ಆಗ್ಲಿ."

ಶಾಯಿ, ಸೀಮೆಎಣ್ಣೆಯ ವಾಸನೆಯ ಆ ಕೋಣೆಯಲ್ಲಿ ನಿಂತು ಓದತೊಡಗಿದಳು.

"ಜ್ವರದ ಮಗು ಕೈ ಚಾಚಿತು. ನಾನು ನೀರು ಕೊಟ್ಟೆ. ಬೆಳಗಿನಿಂದ ನನ್ನನ್ನು ಬೈಯುತ್ತಿದ್ದ ಮುದುಕ ಬೈದು ಬೈದು ಸುಸ್ತಾದ. ನಾನು ನೀರು ಕೊಟ್ಟೆ. ಹೆತ್ತ ಕೂಸು ಉಳಿಯದ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳಿಗೆ ಹೇಳಲು ನನ್ನಲ್ಲಿ ಮಾತಿರಲಿಲ್ಲ. ನಾನು ನೀರು ಕೊಟ್ಟೆ." ಇಲ್ಲಿ ಅವಳು ಉಸಿರು ತೆಗೆದುಕೊಂಡಳು. "ಮೂವತ್ತು ವರ್ಷದ ಮೇಲೆ, ಅದೇ ವಾರ್ಡಿನ ಏಳನೇ ಮಂಚದಲ್ಲಿ ನನ್ನ ಗಂಡ ಇದ್ದರು. ನುಂಗುವ ಶಕ್ತಿ ಹೋಗಿ ಎರಡು ದಿನವಾಗಿತ್ತು. ನಾನು ನೀರು ಕೊಟ್ಟೆ."

ಯಜಮಾನರು ಮಷೀನಿನ ಕಡೆ ತಿರುಗಿದರು. "ಪ್ಲೇಟು ಬಿಚ್ಚೋ," ಎಂದರು. ಮಷೀನಿನವನು ಆಗಲೇ ಸ್ಪ್ಯಾನರು ಹಿಡಿದು ಎರಡನೆಯ ಬೋಲ್ಟು ಸಡಿಲಿಸುತ್ತಿದ್ದ.

ಪ್ರೂಫಮ್ಮ ತನ್ನ ಮೇಜಿಗೆ ಹೋಗಿ ಕರಡನ್ನು ಬಿಡಿಸಿದಳು. ಹೊಡೆದ ಸಾಲು ಉಳಿಯಬೇಕಾದರೆ ಅದರ ಕೆಳಗೆ ಚುಕ್ಕಿ ಇಟ್ಟು, ಪಕ್ಕದಲ್ಲಿ 'ಇರಲಿ' ಎಂದು ಬರೆಯುವುದು ಅವಳ ಕಸುಬಿನ ರೂಢಿ. ಒಂದು ಕಡೆ ಬರೆದಳು, ಇನ್ನೊಂದು ಕಡೆ ಬರೆದಳು. ಕೊನೆಯದಕ್ಕೆ ಬಂದಾಗ, ಸರಿಯಾಗಿ ತಾಳೆ ನೋಡೋಣವೆಂದು ಕೈಬರಹದ ಹಾಳೆ ಎತ್ತಿಕೊಂಡಳು. ಉಳಿದ ಸಾಲುಗಳೆಲ್ಲ ಹಗುರವಾಗಿ ಓಡಿದ್ದವು. ಆ ಒಂದು ಸಾಲನ್ನು ಮಾತ್ರ ನರ್ಸಮ್ಮ ಒತ್ತಿ ಒತ್ತಿ ಬರೆದಿದ್ದರು. ಮೊದಲ ಸಲ ನೋಡಿದಾಗ ಪೆನ್ನು ಸರಿಯಿಲ್ಲ ಅಂದುಕೊಂಡಿದ್ದಳು.

ಹಾಳೆ ತಿರುಗಿಸಿದಳು. ಹಿಂಬದಿಯಲ್ಲಿ ಆ ಸಾಲು ಉಬ್ಬಿ ನಿಂತಿತ್ತು. ಕೆಂಪು ಪೆನ್ನನ್ನು ಪಕ್ಕಕ್ಕಿಟ್ಟು, ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದಳು.