ಒದ್ದು ಒಡೆದ ಗ್ಲೋಬು

“ಒದೆಯೋಕೆ ನಿನಗೆ ನನ್ನ ಗ್ಲೋಬೇ ಬೇಕಾಗಿತ್ತೇನೋ, ಕತ್ತೆ?” ಎಂದು ಹೆಡ್ ಮಾಸ್ತರ ಎದುರೇ ಡ್ರಿಲ್ ಮಾಸ್ತರನ ಕೊರಳಪಟ್ಟಿ ಹಿಡಿದೆ.

“ಮೂರು ವರ್ಷದಿಂದ ಚೆಂಡು ಕೇಳ್ತಿದ್ದೀನಿ, ಯಾರಾದ್ರೂ ಕೊಟ್ರಾ? ಮಕ್ಕಳು ಏನು ಒದೀಬೇಕು, ನಿಮ್ಮ ಬುರುಡೇನಾ?”

ಭೂಗೋಳದ ಪಾಠಕ್ಕೆಂದು ನಾನು ಹನ್ನೊಂದು ವರ್ಷ ಅರ್ಜಿ ಬರೆದು ತರಿಸಿದ್ದ ಗ್ಲೋಬು ಅದು. ಉಳಿದಿದ್ದ ಕಬ್ಬಿಣದ ಸ್ಟ್ಯಾಂಡಿನಿಂದ ಅವನ ಮುಖಕ್ಕೆ ಬಾರಿಸಿದೆ. ಮೂಗು ಮುರಿದು ಹಾಜರಿ ಪುಸ್ತಕದ ಮೇಲೆ ರಕ್ತ ಸುರಿಯಿತು. ಅವನು ನನ್ನ ತಲೆಯನ್ನು ಹೆಡ್ ಮಾಸ್ತರ ಬೀರುವಿಗೆ ಅಪ್ಪಳಿಸಿದ. ಬೀರುವಿನ ಬಾಗಿಲು ಕಿತ್ತುಬಂದು, ಒಳಗಿಂದ ಮೂರು ಹೊಸ ಚೆಂಡುಗಳು ಉರುಳಿ ಬಂದವು.

ಇಬ್ಬರೂ ಹೆಡ್ ಮಾಸ್ತರತ್ತ ತಿರುಗಿದೆವು.

“ತಪಾಸಣೆಗೆ ಬಂದೋರಿಗೆ ತೋರಿಸೋಕೆ ಇಟ್ಟಿದ್ದೆ ಕಣ್ರಯ್ಯಾ. ಆಡಿದ್ರೆ ಹಳೇದಾಗಲ್ವಾ?”

ಡ್ರಿಲ್ ಮಾಸ್ತರ ಹೋಗಿ ಅವರ ದವಡೆಗೊಂದು ಬಿಟ್ಟ. ಚೆಂಡುಗಳನ್ನು ಒಂದೊಂದಾಗಿ ಮೈದಾನಕ್ಕೆ ಒದ್ದು, ರಕ್ತ ಒರೆಸಿಕೊಳ್ಳದೆ ಗೇಟು ದಾಟಿ ಹೋದ. ಮತ್ತೆ ಬರಲಿಲ್ಲ.