ನೇರ, ಅಲುಗಾಡದೆ

ಬೆಣ್ಣೆಯನ್ನು ಎಷ್ಟು ದಪ್ಪಗೆ ಹಚ್ಚುತ್ತಿದ್ದಾಳೆ ಈ ತಾಯಿ, ವಾರದ ರೇಷನ್ ಪಾಲೆಲ್ಲ ಒಂದು ಬ್ರೆಡ್ಡಿನ ಮೇಲೆ, ಅದೂ ನನಗೆ, ಅವಳ ಮಗನನ್ನು ಕರೆದುಕೊಂಡು ಹೋಗಿ ಹೆಣವಾಗಿ ತಂದವನಿಗೆ — ಬೇಡ ಮಿಸೆಸ್ ಗಾರ್ಸೈಡ್ ಅನ್ನಬೇಕು, ಅಷ್ಟರಲ್ಲಿ ಅವಳೇ, ತಿನ್ನು ಮಗಾ, ನಮ್ಮ ವಿಲ್ಫ್ ಹೇಳ್ತಿದ್ದ, ನಮ್ಮ ಪೈಲಟ್ ಊಟ ಕಂಡ್ರೆ ಬಿಡೋನಲ್ಲ ಅಂತ. ಹೇಳಿರುತ್ತಾನೆ, ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಒಬ್ಬನೇ ಕೂತರೂ ಬಾಯಿ ಮುಚ್ಚಿದವನಲ್ಲ ಅವನು. ಕಿಟಕಿಗೆ ಗಾಜಿಲ್ಲ, ರಟ್ಟು ಬಡಿದಿದ್ದಾರೆ, ಎದುರು ಸಾಲಿನ ಮನೆಗಳೂ ಇಲ್ಲ, ಜರ್ಮನರು ಹಲ್ ಬಂದರಿನ ಈ ಬೀದಿಯನ್ನು ಅರ್ಧ ತಿಂದು ಹೋಗಿದ್ದಾರೆ, ಅವರ ಊರುಗಳಿಗೆ ಹೋಗಿ ನಾನು ಮಾಡುವುದೂ ಅದನ್ನೇ, ಅದಕ್ಕೆ ನನ್ನ ಎದೆಯ ಮೇಲೆ ಪೈಲಟ್ಟಿನ ರೆಕ್ಕೆ ಗುರುತು ಹೊಲಿದುಕೊಟ್ಟಿದ್ದಾರೆ. ವಿಲ್ಫ್ ಸತ್ತಾಗ ನಾನು ಬರೆದ ಕಾಗದವನ್ನು ಟೀ ಪಾತ್ರೆಗೆ ಒರಗಿಸಿಟ್ಟಿದ್ದಾಳೆ, ಅವನಿಗೆ ನೋವೇ ಆಗಲಿಲ್ಲ, ಕ್ಷಣದಲ್ಲಿ ಮುಗಿಯಿತು — ಮಾದರಿ ಕಾಗದ ಕಚೇರಿಯಲ್ಲೇ ಸಿದ್ಧವಿರುತ್ತದೆ, ಹೆಸರು ತುಂಬಿದ್ದಷ್ಟೇ ನನ್ನ ಕೆಲಸ, ಥೂ.

ನೇರ ಹಾರಿಸು. ಮೊದಲ ಪಾಠವೇ ಅದು, ತರಬೇತಿಗೆ ಹೋಗಿದ್ದ ಆಫ್ರಿಕಾದ ರೊಡೇಷಿಯಾದ ಕೆಂಪು ಧೂಳಿನ ಮೈದಾನದಲ್ಲಿ, ಮುಂದಿನ ಸೀಟಿನಿಂದ ಪಾಸ್ಕ್ ಮೇಷ್ಟ್ರು ಮಾತಿನ ಕೊಳವೆಯಲ್ಲಿ ಬೈಯುತ್ತಿದ್ದರು, ಏನೋ ಥರ್ಲೋ, ಕುಡಿದ ಎತ್ತು ಹೊಡೀತಿದ್ದೀಯಾ, ದಿಗಂತ ನೋಡೋ, ಅಲುಗಾಡಿದ್ರೆ ಇಳಿಸಿ ಅಡುಗೆಮನೆಗೆ ಕಳಿಸ್ತೀನಿ. ಹತ್ತೊಂಬತ್ತು ವರ್ಷ ನನಗೆ, ತರಗತಿಗೆಲ್ಲ ನಾನೇ ಮೊದಲು, ಥರ್ಲೋ ಹಾರಿಸ್ತಿದ್ರೆ ಟೀ ಲೋಟ ತುಳುಕಲ್ಲ ಅಂದಾಗ ಹಿಗ್ಗಿ ಹೀರೇಕಾಯಿಯಾಗಿದ್ದೆ, ಮುಠ್ಠಾಳ. ಯಾತಕ್ಕೆ ಕಲಿಸಿದರೆಂದು ಆಮೇಲೆ ಗೊತ್ತಾಯಿತು: ಬಾಂಬು ಬಿಟ್ಟ ಮೇಲೆ ಓಡಿಬರುವಂತಿಲ್ಲ, ಮೂವತ್ತು ಸೆಕೆಂಡು ನೇರ ಹೋಗಬೇಕು, ಕೆಳಗೆ ಎಲ್ಲಿ ಬಿತ್ತೆಂದು ಕ್ಯಾಮೆರಾ ಫೋಟೊ ತೆಗೆಯಬೇಕು, ಸುತ್ತ ಗುಂಡು ಸಿಡಿಯುತ್ತಿದ್ದರೂ ಸರಿ. ಮೂವತ್ತು ಸಲ ಹೋಗಿಬಂದರೆ ಬಿಡುಗಡೆ. ಏಳನೆಯ ಸಲ ಶತ್ರು ವಿಮಾನ ಕಂಡು ವಿಲ್ಫ್ ಕೂಗಿದ, ತಕ್ಷಣ ಹೊರಳಿಸಿದೆ, ಏಳೂ ಜನ ಬದುಕಿದೆವು, ಫೋಟೊ ಕೆಟ್ಟಿತು. ಫೋಟೊ ಇಲ್ಲ ಅಂದ್ರೆ ನೀವು ಹೋಗೇ ಇಲ್ಲ ಕಣಯ್ಯಾ, ಲೆಕ್ಕಕ್ಕಿಲ್ಲ, ಅಂದ ಆ ಮೇಜಿನ ಹಿಂದಿನ ಅಧಿಕಾರಿ, ಪೆನ್ಸಿಲ್ ಕಚ್ಚುತ್ತ, ವಿಮಾನದ ಮೆಟ್ಟಿಲು ಹತ್ತದ ಮಗ. ನನ್ನನ್ನು ಸ್ಕಿಪ್ಪರ್ ಅನ್ನುವ ಹುಡುಗರ ಮುಖ ಇಳಿದುಹೋಯಿತು, ಇನ್ನೊಂದು ಸಲ ಸಾಯೋಕೆ ಹೋಗ್ಬೇಕಲ್ಲ ಸ್ಕಿಪ್ಪರ್, ಅಂತ ನಕ್ಕವನು ವಿಲ್ಫ್ ಒಬ್ಬನೇ.

ಅದಕ್ಕೇ ಮುಂದಿನ ಸಲ, ಫೋಟೊಗೆಂದು ನೇರ ಹೋಗುತ್ತಿರುವಾಗ ವಿಲ್ಫನ ಕೂಗು, ಸ್ಕಿಪ್ಪರ್, ಹಿಂದೆ ಬಂದಿದ್ದಾನೆ, ಎಡಕ್ಕೆ ಹೊರಳಿಸು, ಹೊರಳಿಸೋ ಮಾರಾಯ — ತಡಿ ವಿಲ್ಫ್. ತಡಿ ಅಂದವನು ಪಾಸ್ಕ್ ಅಲ್ಲ, ಪೆನ್ಸಿಲ್ ಕಚ್ಚುವವನಲ್ಲ, ನಾನು. ಮೇಷ್ಟ್ರು ಮೆಚ್ಚುವ ಹಾಗೆ ಹಾರಿಸಿದೆ, ಒಂದಿಷ್ಟೂ ಅಲುಗಾಡದೆ. ಗುಂಡುಗಳು ಬಾಲಕ್ಕೇ ಬಡಿದವು. ಆಮೇಲೆ ಸಮುದ್ರ ದಾಟುವವರೆಗೂ ನಲವತ್ತು ನಿಮಿಷ ಅವನ ದನಿ ಕಿವಿಯಲ್ಲಿ, ಚಳಿ ಆಗ್ತಿದೆ ಸ್ಕಿಪ್ಪರ್, ಕಾಲು ಸಿಗ್ತಿಲ್ಲ ಸ್ಕಿಪ್ಪರ್. ಫೋಟೊ ತೊಳೆದರೆ ಬರೀ ಮೋಡ, ಅಂಚಿನಿಂದ ಅಂಚಿಗೆ ಬಿಳಿ, ಪರವಾಗಿಲ್ಲ, ಇದನ್ನ ಲೆಕ್ಕಕ್ಕೆ ಸೇರಿಸ್ಕೋತೀವಿ ಅಂದ ಆ ಪೆನ್ಸಿಲ್ ಮಹಾನುಭಾವ.

ನಿಜ ಹೇಳು ಮಗಾ, ಅವನಿಗೆ ನೋವಾಯ್ತಾ. ಕಾಗದ ನೋಡುತ್ತಿಲ್ಲ ಅವಳು, ನನ್ನ ಮುಖ ನೋಡುತ್ತಿದ್ದಾಳೆ. ಹೌದು ಅಂದೆ. ಎಲ್ಲ ಅಂದೆ, ಕೂಗಿದ್ದು, ತಡಿ ಅಂದದ್ದು, ಫೋಟೊ, ನಲವತ್ತು ನಿಮಿಷ. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆಯಲಿ, ಈ ದೇಶದಲ್ಲಿ ಯಾರಾದರೊಬ್ಬರು ನನಗೆ ಹೊಡೆಯಲಿ. ಅವಳು ಚಾಕು ಕೆಳಗಿಟ್ಟಳು, ಏಪ್ರನ್ನಿಗೆ ಕೈ ಒರೆಸಿಕೊಂಡಳು, ಮೂವತ್ತು ಸೆಕೆಂಡು ಅಂದ್ರೆ ಎಷ್ಟಾಗತ್ತೆ, ನಂಗೆ ಗೊತ್ತಾಗಲ್ಲ, ತೋರ್ಸು. ನನ್ನ ಮಣಿಕಟ್ಟು ಹಿಡಿದು ಗಡಿಯಾರವನ್ನು ತನ್ನ ಕಡೆ ತಿರುಗಿಸಿಕೊಂಡಳು, ಬೆರಳಿನಲ್ಲಿ ಇನ್ನೂ ಬೆಣ್ಣೆಯ ಜಿಡ್ಡು. ಸೆಕೆಂಡಿನ ಮುಳ್ಳು ಹನ್ನೆರಡು ದಾಟಿತು, ಒಂದು — ಇಲ್ಲಿ ಕೂಗಿದ, ಹೊರಳಿಸಬಹುದಿತ್ತು, ಎರಡು — ಇಲ್ಲೂ ಹೊರಳಿಸಬಹುದಿತ್ತು, ಮೂರು — ಇಲ್ಲೂ, ಅವಳು ಉಸಿರು ಬಿಡುತ್ತಿಲ್ಲ, ನಾಲ್ಕು, ಮೂವತ್ತಾಗಲು ಆರು ಮುಟ್ಟಬೇಕು, ಮುಳ್ಳು ನಾಲ್ಕರಲ್ಲಿದೆ, ಇನ್ನೂ ನಾಲ್ಕರಲ್ಲೇ ಇದೆ ಮುಳ್ಳು